ನಿಂತ ಕಾರಿನಲ್ಲಿ ಇರುಳ ಪಯಣ

ರಾತ್ರಿ ಹನ್ನೊಂದು ಗಂಟೆ. ಸೇಡಂ ಪಟ್ಟಣದ ದೀಪಗಳನ್ನು ಹಿಂದೆ ಬಿಟ್ಟು ಕಾರೊಂದು ಕುರಕುಂಟಾದ ಕಡೆಗೆ ಧಾವಿಸುತ್ತಿದೆ. ಕಾರು ನಡೆಸುತ್ತಿರುವ ಅಣ್ಣ ಒಂದು ಮಾತೂ ಆಡುತ್ತಿಲ್ಲ. ಪಕ್ಕದಲ್ಲಿ ಕುಳಿತ ತಂಗಿಗೆ ಊರಿನಿಂದ ಬಂದ ಸುದ್ದಿ ತಿಳಿದಿದೆ. ಅದನ್ನು ಈಗಲೇ ಹೇಳುವುದೋ, ಮನೆ ಮುಟ್ಟಿದ ಮೇಲೆ ಹೇಳುವುದೋ ಎಂದು ತುಟಿ ಕಚ್ಚಿಕೊಂಡಿದ್ದಾಳೆ. ಎದುರಿನಿಂದ ಸಿಮೆಂಟು ಹೊತ್ತ ಲಾರಿಯೊಂದು ಬರುತ್ತದೆ. ಅದರ ದೀಪಗಳು ಇಬ್ಬರ ಮುಖವನ್ನೂ ಕ್ಷಣಕಾಲ ಬೆಳಗುತ್ತವೆ. ಆ ಒಂದು ಕ್ಷಣದಲ್ಲಿ ತಂಗಿಯ ಕಣ್ಣಂಚಿನಲ್ಲಿ ನೀರು ನಿಂತಿರುವುದು ಅಣ್ಣನಿಗೂ ಕಾಣುತ್ತದೆ, ಚಿತ್ರಮಂದಿರದಲ್ಲಿ ಕುಳಿತ ಪ್ರೇಕ್ಷಕನಿಗೂ ಕಾಣುತ್ತದೆ. ಮತ್ತೆ ಕತ್ತಲೆ.

ಇಂಥದೊಂದು ದೃಶ್ಯವನ್ನು ಕಥೆಗಾರನು ಅರ್ಧ ಪುಟದಲ್ಲಿ ಬರೆದು ಮುಗಿಸಬಹುದು. ಅದನ್ನು ತೆರೆಯ ಮೇಲೆ ತರುವ ಹೊಣೆ ಛಾಯಾಗ್ರಾಹಕನದು. ಅವನ ಕೈಯಲ್ಲಿ ಹಣವಿಲ್ಲದಿದ್ದರೆ ಆ ಅರ್ಧ ಪುಟವೇ ಅವನ ನಿದ್ದೆಗೆಡಿಸುತ್ತದೆ. ಕಾರಿನ ಒಳಗು ಒಂದು ಪೆಟ್ಟಿಗೆಯಷ್ಟು ಇಕ್ಕಟ್ಟು, ಹೊರಗೆ ಗಾಢಾಂಧಕಾರ, ದೀಪವನ್ನಿಡಲು ಜಾಗವಿಲ್ಲ, ಇಟ್ಟರೆ ಕ್ಯಾಮೆರಾದ ಕಣ್ಣಿಗೆ ಬೀಳುತ್ತದೆ. ಇಷ್ಟು ಸಾಲದೆಂಬಂತೆ ಕಾರು ಓಡುತ್ತಿರಬೇಕು!

ಆದರೆ ಕಡಿಮೆ ಬಂಡವಾಳದ ಚಿತ್ರಗಳಲ್ಲಿ ಇಂತಹ ಕಾರು ಎಷ್ಟೋ ವೇಳೆ ಓಡುವುದೇ ಇಲ್ಲ. ಯಾವುದೋ ಬಯಲಿನಲ್ಲಿ ಅದು ನಿಶ್ಚಲವಾಗಿ ನಿಂತಿರುತ್ತದೆ. ಓಡುವುದು ಅದರ ಸುತ್ತಲಿನ ಬೆಳಕು.

ನಿಜವಾಗಿ ಓಡಿಸಿದರೆ ಏನು?

ನಿಜವಾದ ರಸ್ತೆಯಲ್ಲಿ, ನಿಜವಾಗಿಯೇ ಓಡುವ ಕಾರಿನಲ್ಲಿ ಚಿತ್ರೀಕರಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಹಣವುಳ್ಳವರು ಹಾಗೆ ಮಾಡುತ್ತಾರೆ. ನೆಲಕ್ಕೆ ತಗ್ಗಾದ ಗಾಡಿಯೊಂದರ ಮೇಲೆ ಕಾರನ್ನು ಏರಿಸಿ, ಸುತ್ತಲೂ ದೀಪಗಳನ್ನು ಕಟ್ಟಿ, ಮುಂದಿನ ಲಾರಿಯಿಂದ ಎಳೆಸುತ್ತಾರೆ. ರಸ್ತೆಯನ್ನು ಪೊಲೀಸರ ಅನುಮತಿಯಿಂದ ಮುಚ್ಚಿಸುತ್ತಾರೆ. ನಟನು ಸುಮ್ಮನೆ ಚಕ್ರ ಹಿಡಿದು ಕುಳಿತರಾಯಿತು. ಅಷ್ಟು ಶಕ್ತಿಯಿಲ್ಲದವರು ನಟನ ಕೈಗೇ ಕಾರನ್ನು ಒಪ್ಪಿಸಿ, ಬಾನೆಟ್ಟಿನ ಮೇಲೆ ಕ್ಯಾಮೆರಾ ಬಿಗಿದು, ಅವನ ಕಣ್ಣಿನೆದುರೇ ದೀಪ ಹಚ್ಚಿ, ಇರುಳಿನ ಹೆದ್ದಾರಿಗೆ ಕಳುಹಿಸುವುದುಂಟು. ಕಣ್ಣೆದುರು ದೀಪವಿರುವವನಿಗೆ ಕತ್ತಲೆಯ ರಸ್ತೆ ಕಾಣುವುದಿಲ್ಲ. ಮಾತು ನೆನಪಿಟ್ಟುಕೊಂಡು ಅಳಬೇಕಾದವನಿಗೆ ಎದುರಿನ ಎತ್ತಿನ ಗಾಡಿಯ ಮೇಲೆ ಲಕ್ಷ್ಯವಿರುವುದಿಲ್ಲ. ಇದು ಸಾಹಸವೆನಿಸಿಕೊಳ್ಳುವುದಿಲ್ಲ, ಅವಿವೇಕವೆನಿಸಿಕೊಳ್ಳುತ್ತದೆ.

ಕನ್ನಡ ಚಿತ್ರರಸಿಕರಿಗೆ ಇರುಳಿನ ಕಾರು ಎಂದೊಡನೆ ನೆನಪಾಗುವ ಚಿತ್ರ ಶಂಕರ್ ನಾಗ್ ನಿರ್ದೇಶಿಸಿದ, 1985ರಲ್ಲಿ ತೆರೆಕಂಡ ‘ಆಕ್ಸಿಡೆಂಟ್’. ರಾಜಕಾರಣಿಯ ಮಗನೊಬ್ಬ ಅಮಲಿನಲ್ಲಿ ಕಾರು ನಡೆಸಿ, ಬೀದಿಬದಿಯಲ್ಲಿ ಮಲಗಿದ್ದ ಬಡವರ ಮೇಲೆ ಹರಿಸುತ್ತಾನೆ. ಆ ಕೃತ್ಯವನ್ನು ಮುಚ್ಚಿಹಾಕುವ ಅಧಿಕಾರದ ಆಟವೇ ಮುಂದಿನ ಕಥೆ. ಸಾಮಾಜಿಕ ಸಮಸ್ಯೆಯನ್ನು ಕುರಿತ ಚಿತ್ರವೆಂದು ಅದಕ್ಕೆ 32ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಮನ್ನಣೆ ದೊರೆಯಿತು. ಇಂತಹ ಕಥೆಯಲ್ಲಿ ಕಾರಿನೊಳಗೆ ಕುಳಿತವರ ಮುಖ ಕಾಣದಿದ್ದರೆ ಅಪರಾಧಿಯೇ ಕಾಣದಂತಾಗುತ್ತದೆ. ಅತಿಯಾಗಿ ಕಂಡರೆ ಅದು ಇರುಳೆಂದು ಯಾರೂ ನಂಬುವುದಿಲ್ಲ. ಆ ಚಿತ್ರ ಬಂದ ಐದು ವರ್ಷಗಳಲ್ಲಿ, 1990ರ ಸೆಪ್ಟೆಂಬರ್ 30ರಂದು, ಶಂಕರ್ ನಾಗ್ ದಾವಣಗೆರೆಯ ಬಳಿಯ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲಿಯೇ ತೀರಿಕೊಂಡರು. ಅವರಿಗೆ ಆಗಿನ್ನೂ 35 ವರ್ಷ. ಅದು ಪ್ರಯಾಣದಲ್ಲಿ ಆದ ದುರಂತ, ಚಿತ್ರೀಕರಣದಲ್ಲಿ ಆದದ್ದಲ್ಲ. ಆದರೂ ಚಿತ್ರರಂಗದವರು ಇರುಳಿನ ಹೆದ್ದಾರಿಯನ್ನು ಲಘುವಾಗಿ ಕಾಣದಿರಲು ಬೇರೆ ಕಾರಣ ಬೇಕಿಲ್ಲ.

ಹಿಂದಿನ ಕಾಲದಲ್ಲಿ ಸ್ಟುಡಿಯೋಗಳು ಈ ತೊಡಕನ್ನು ಮತ್ತೊಂದು ರೀತಿಯಲ್ಲಿ ಬಿಡಿಸಿಕೊಂಡಿದ್ದವು. ಅರ್ಧ ಕಾರನ್ನು ಒಳಾಂಗಣದಲ್ಲಿ ನಿಲ್ಲಿಸಿ, ಅದರ ಬೆನ್ನಿಗೆ ಅರೆಪಾರದರ್ಶಕ ಪರದೆ ಕಟ್ಟಿ, ಮೊದಲೇ ತೆಗೆದಿಟ್ಟ ರಸ್ತೆಯ ಚಿತ್ರವನ್ನು ಪರದೆಯ ಹಿಂದಿನಿಂದ ಬಿಡುತ್ತಿದ್ದರು. ನಾಯಕ ಹಾಡುತ್ತ ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿದ್ದರೆ ಹಿಂದಿನ ರಸ್ತೆ ಮಾತ್ರ ನೇರವಾಗಿ ಹೋಗುತ್ತಿದ್ದುದನ್ನು ಹಳೆಯ ಪ್ರೇಕ್ಷಕರು ಮರೆತಿರಲಾರರು. ಅದಕ್ಕೂ ಸ್ಟುಡಿಯೋ ಬೇಕು, ಪ್ರಕ್ಷೇಪಕ ಯಂತ್ರ ಬೇಕು. ಏನೂ ಇಲ್ಲದವನಿಗೆ ಉಳಿಯುವುದು ಕತ್ತಲೆಯೊಂದೇ.

ಕುರಕುಂಟಾದಂತಹ ಊರಿನಲ್ಲಿ ಆ ಸಾಮಗ್ರಿ ಧಾರಾಳವಾಗಿ, ಬಿಟ್ಟಿಯಾಗಿ ದೊರೆಯುತ್ತದೆ. ಇದು ಸುಣ್ಣಕಲ್ಲಿನ ನಾಡು. ಒಂದು ಕಡೆ ಶಹಾಬಾದಿನ ಹಾಸುಗಲ್ಲು, ಇನ್ನೊಂದು ಕಡೆ ವಾಡಿ, ಮಳಖೇಡ, ಸೇಡಂಗಳ ಸಿಮೆಂಟು ಕಾರ್ಖಾನೆಗಳು. ಕುರಕುಂಟಾದಲ್ಲಿಯೂ ಕೇಂದ್ರ ಸರ್ಕಾರದ ಸಿಮೆಂಟು ನಿಗಮದ ಕಾರ್ಖಾನೆಯಿತ್ತು. ಕಳೆದ ಶತಮಾನದ ಕೊನೆಯಲ್ಲಿ ಅದರ ಉತ್ಪಾದನೆ ನಿಂತುಹೋಯಿತು. ಊರು ದಾಟಿದರೆ ತೊಗರಿಯ ಹೊಲ, ಬಯಲು. ಅಮಾವಾಸ್ಯೆಯ ಆಸುಪಾಸಿನ ರಾತ್ರಿಯಲ್ಲಿ ಕಾರಿನ ಕಿಟಕಿಯ ಹೊರಗೆ ಕಾಣುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಕಾಣುವುದಕ್ಕೆ ಏನೂ ಇಲ್ಲದ ಮೇಲೆ ಕಾರು ಓಡುತ್ತಿದೆಯೋ ನಿಂತಿದೆಯೋ ಎಂಬುದನ್ನು ಪ್ರೇಕ್ಷಕನು ಹೇಗೆ ಬಲ್ಲ? ಬೆಂಗಳೂರಿನ ಬೀದಿಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಅಂಗಡಿ, ಫಲಕ, ಬಸ್ಸು, ಜನ ಎಲ್ಲವೂ ಕಿಟಕಿಯಲ್ಲಿ ಸರಿಯಲೇಬೇಕು.

ಇನ್ನೂರು ಬತ್ತಿಗಳಿಂದ ಒಂದು ಬತ್ತಿಗೆ

ಒಂದು ಮೇಣದ ಬತ್ತಿ ಒಂದು ಅಡಿ ದೂರದಲ್ಲಿ ಬೀರುವ ಬೆಳಕನ್ನು ಅಳತೆಯಾಗಿ ಇಟ್ಟುಕೊಂಡರೆ ಈ ವಿದ್ಯೆಯ ಚರಿತ್ರೆ ಸುಲಭವಾಗಿ ತಿಳಿಯುತ್ತದೆ. 1960ರ ದಶಕದ ಬಣ್ಣದ ಫಿಲ್ಮಿನ ವೇಗ 50 ಎಂದಿತ್ತು. ಮಸೂರವನ್ನು ಸಾಕಷ್ಟು ತೆರೆದಿಟ್ಟರೂ ಅದರಲ್ಲಿ ಮುಖವೊಂದು ಸರಿಯಾಗಿ ಮೂಡಲು ಇನ್ನೂರು ಬತ್ತಿಗಳ ಬೆಳಕು ಬೇಕಾಗುತ್ತಿತ್ತು. ಕಾರಿನೊಳಗೆ ಅಷ್ಟು ಬೆಳಕು ಸುರಿದರೆ ನಟರು ಬೆವರಿ, ಅವರ ಬಣ್ಣವೂ ಕರಗುತ್ತಿತ್ತು. 1959ರಲ್ಲಿ ಗೊದಾರ್ ಅವರ ‘ಬ್ರೆತ್‌ಲೆಸ್’ ಚಿತ್ರಕ್ಕೆ ಪ್ಯಾರಿಸ್ಸಿನ ಇರುಳನ್ನು ಹಿಡಿಯಲು ಹೊರಟ ಛಾಯಾಗ್ರಾಹಕ ರಾವುಲ್ ಕುತಾರ್, ಸ್ಥಿರಚಿತ್ರದ ಕ್ಯಾಮೆರಾಕ್ಕೆಂದು ತಯಾರಾಗುತ್ತಿದ್ದ ವೇಗದ ಕಪ್ಪು-ಬಿಳುಪು ಫಿಲ್ಮಿನ ಚಿಕ್ಕ ಸುರುಳಿಗಳನ್ನು ಒಂದಕ್ಕೊಂದು ಅಂಟಿಸಿ ಕೆಲಸ ಸಾಗಿಸಿದರು. ಬಣ್ಣದ ಫಿಲ್ಮಿನ ವೇಗ 400ಕ್ಕೆ ಏರಿದ್ದು 1980ರ ದಶಕದಲ್ಲಿ. ಇಂದಿನ ಡಿಜಿಟಲ್ ಕ್ಯಾಮೆರಾಗಳಲ್ಲಿ 800 ಎಂಬುದು ಸಾಮಾನ್ಯ. ಅದಕ್ಕೆ ಹನ್ನೆರಡು ಬತ್ತಿಗಳು ಸಾಕು. ಕೆಲವಂತೂ 12,800ರ ವೇಗದಲ್ಲಿಯೂ ಅಚ್ಚುಕಟ್ಟಾಗಿ ಚಿತ್ರ ಕೊಡುತ್ತವೆ. ಆಗ ಒಂದು ಬತ್ತಿಯೂ ಹೆಚ್ಚೇ.

ಹಾಗಾದರೆ ದೀಪಗಳ ಗೊಡವೆ ಏಕೆ? ಹೊಸಬರು ಎಡವುವುದು ಇಲ್ಲಿಯೇ. ಕ್ಯಾಮೆರಾದ ವೇಗವನ್ನು ಏರಿಸಿ ದೀಪವಿಲ್ಲದೆ ತೆಗೆದ ಕಾರಿನ ದೃಶ್ಯ ಬೂದಿ ಬಳಿದಂತಿರುತ್ತದೆ. ಅದರಲ್ಲಿ ಮೂಗು, ಕೆನ್ನೆ, ಕಣ್ಣು ಎಂಬ ಏರುತಗ್ಗುಗಳಿಲ್ಲ. ಕತ್ತಲೆಯು ಕತ್ತಲೆಯಾಗಿ ಕಾಣಬೇಕಾದರೆ ಚೌಕಟ್ಟಿನ ಎಲ್ಲಿಯೋ ಒಂದೆಡೆ ಬೆಳಕಿನ ಗೆರೆ ಇರಲೇಬೇಕು, ಮತ್ತು ಆ ಗೆರೆಗೆ ಒಬ್ಬ ಒಡೆಯನಿರಬೇಕು. ಈ ಬೆಳಕು ಎಲ್ಲಿಂದ ಬಂತೆಂದು ಪ್ರೇಕ್ಷಕನು ಕೇಳದಿರಬೇಕಾದರೆ, ಉತ್ತರ ಅವನಿಗೆ ಮೊದಲೇ ಗೊತ್ತಿರಬೇಕು. ಇರುಳಿನ ಕಾರಿನಲ್ಲಿ ಅಂತಹ ಒಡೆಯರು ಕೆಲವರೇ: ಚಾಲಕನ ಮುಂದಿನ ವೇಗಮಾಪಕದ ದೀಪ, ಎದುರು ವಾಹನ, ಹಿಂದಿನ ವಾಹನ, ಬೀದಿದೀಪ, ಬೆಳದಿಂಗಳು. ಈಚೆಗೆ ಕೈಯಲ್ಲಿರುವ ಮೊಬೈಲು ಫೋನೂ ಸೇರಿದೆ.

ವೇಗಮಾಪಕದ ದೀಪವೆಂದು ನಂಬಿಸಲು ಚಕ್ರದ ಹಿಂದೆ ಬೆರಳುದ್ದದ ಎಲ್‌ಇಡಿ ಪಟ್ಟಿಯನ್ನು ಅಂಟಿಸಿ, ಅದರ ಮೇಲೆ ಬಟರ್ ಪೇಪರ್ ಸುತ್ತುತ್ತಾರೆ. ಅಣ್ಣನ ಗಲ್ಲದ ಕೆಳಗೆ ಮಂದ ಬೆಳಕು ಬೀಳುತ್ತದೆ. ತಂಗಿಗೂ ಅದೇ ಸಾಕೆಂದರೆ ಆಗದು. ದೀಪದಿಂದ ದೂರ ಮೂರು ಪಟ್ಟಾದರೆ ಬೆಳಕು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಣ್ಣನಿಗೆ ಒಂದಡಿ ದೂರದಲ್ಲಿರುವ ದೀಪ ತಂಗಿಗೆ ಮೂರಡಿ ದೂರ. ಅವಳಿಗೆ ಸಾಲುವಂತೆ ದೀಪವನ್ನು ಏರಿಸಿದರೆ ಇವನ ಗಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಆದ್ದರಿಂದ ಅವಳಿಗೆ ಬೇರೆಯೇ ದೀಪ. ಊರಿನ ಸುದ್ದಿ ಬಂದಿರುವುದು ಅವಳ ಫೋನಿಗೆ ತಾನೆ? ಮಡಿಲಲ್ಲಿ ಹಿಡಿದ ಆ ಫೋನಿನ ಮರೆಯಲ್ಲಿಯೇ ಪುಟ್ಟ ದೀಪವೊಂದನ್ನು ಅಡಗಿಸಿದರೆ, ಬೆಳಕೂ ಬಂತು, ಅವಳು ಮತ್ತೆ ಮತ್ತೆ ಆ ಸಂದೇಶವನ್ನೇ ನೋಡುತ್ತಿರುವಳೆಂಬ ಕಥೆಯೂ ಬಂತು.

ಇಷ್ಟಾದರೂ ನೆರಳುಗಳು ಇದ್ದಿಲಿನಂತೆ ಕಪ್ಪಾಗಿರುತ್ತವೆ. ಅವನ್ನು ತುಸು ತೆಳುವಾಗಿಸಲು ಕಾರಿನ ಚಾವಣಿಗೆ ಬಿಳಿಯ ಬಟ್ಟೆಯನ್ನು ಗುಂಡುಸೂಜಿಯಿಂದ ಚುಚ್ಚಿ, ಹಿಂದಿನ ಆಸನದ ಕೆಳಗಿನಿಂದ ಅತಿ ಮಂದವಾದ ದೀಪವೊಂದನ್ನು ಅದರ ಮೇಲೆ ಬಿಡುವುದುಂಟು. ಬೆಳಕು ಬಟ್ಟೆಗೆ ತಾಗಿ, ಚದರಿ, ಹಿಟ್ಟು ಜರಡಿಯಾಡಿದಂತೆ ಕೆಳಗಿಳಿಯುತ್ತದೆ. ಈ ಉಪಾಯದ ಹಿರಿಯರೊಬ್ಬರು ಸುಬ್ರತ ಮಿತ್ರ. ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ ಚಿತ್ರಕ್ಕಾಗಿ, 1956ರಲ್ಲಿ, ಸ್ಟುಡಿಯೋದಲ್ಲಿ ಕಟ್ಟಿದ ಕಾಶಿಯ ಮನೆಯಂಗಳದ ಮೇಲೆ ಬಿಳಿಯ ಬಟ್ಟೆ ಹಾಸಿ, ದೀಪಗಳನ್ನು ಅದಕ್ಕೆ ಹೊಡೆದು, ಆಕಾಶದಿಂದ ಇಳಿದಂತಹ ಬೆಳಕನ್ನು ಅವರು ಪಡೆದರು. ಅಂಗಳದ ಬಟ್ಟೆ ಇಲ್ಲಿ ಕರವಸ್ತ್ರದಷ್ಟಾಗಿದೆ, ಅಷ್ಟೆ. ಅಮೆರಿಕದ ‘ಕೊಲ್ಯಾಟರಲ್’ (2004) ಚಿತ್ರದಲ್ಲಿ ಇಡೀ ಇರುಳು ಟ್ಯಾಕ್ಸಿಯೊಳಗೆ ನಡೆಯುವ ಕಥೆಗಾಗಿ, ತಾವೇ ಮಂದವಾಗಿ ಹೊಳೆಯುವ ತೆಳು ಹಾಳೆಗಳನ್ನು ಟ್ಯಾಕ್ಸಿಯ ಒಳಮೈಗೆ ಅಂಟಿಸಿದ್ದರು. ಅಷ್ಟು ದೊಡ್ಡ ಬಂಡವಾಳದವರಿಗೂ ಕೊನೆಗೆ ಬೇಕಾದದ್ದು ಮುಖದ ಸಮೀಪ, ಮೃದುವಾದ, ಅತ್ಯಲ್ಪ ಬೆಳಕೇ.

ಬೆಳದಿಂಗಳಿಗೆ ನೀಲಿ ಜಿಲೆಟಿನ್ ಹಾಳೆ ಹಚ್ಚುವುದು ಚಿತ್ರರಂಗದ ಹಳೆಯ ರೂಢಿ. ವಾಸ್ತವವಾಗಿ ಬೆಳದಿಂಗಳು ಚಂದ್ರನಿಗೆ ತಾಗಿ ಬಂದ ಬಿಸಿಲೇ. ಅದರಲ್ಲಿ ನೀಲಿಯೇನೂ ಹೆಚ್ಚಿಲ್ಲ. ಆದರೂ ಪ್ರೇಕ್ಷಕನು ಒಪ್ಪಿಕೊಂಡು ಬಿಟ್ಟಿದ್ದಾನೆ. ಹಚ್ಚುವುದಾದರೆ ಹದವಾಗಿ ಹಚ್ಚಬೇಕು. ಕಾರಿನೊಳಗೆಲ್ಲ ನೀಲಿ ತುಂಬಿದರೆ ಪೌರಾಣಿಕ ನಾಟಕದ ಕೈಲಾಸದ ದೃಶ್ಯದಂತಾಗುತ್ತದೆ.

ಲಾರಿ ಬರುವ ಒಂಬತ್ತು ಸೆಕೆಂಡು

ಇನ್ನು ಓಟ. ಕಾರು ಗಂಟೆಗೆ 60 ಕಿಲೋಮೀಟರು, ಎದುರು ಲಾರಿಯೂ ಅಷ್ಟೇ ಎಂದುಕೊಂಡರೆ ಎರಡೂ ಸೆಕೆಂಡಿಗೆ ಸುಮಾರು 33 ಮೀಟರಿನಂತೆ ಸಮೀಪಿಸುತ್ತವೆ. 300 ಮೀಟರು ದೂರದಲ್ಲಿ ಕಂಡ ಲಾರಿ ಪಕ್ಕಕ್ಕೆ ಬರಲು ಒಂಬತ್ತು ಸೆಕೆಂಡು. ಮೊದಲ ಏಳು ಸೆಕೆಂಡು ಬೆಳಕು ನಿಧಾನವಾಗಿ ಬಲಿಯುತ್ತದೆ; ಕೊನೆಯ ಎರಡರಲ್ಲಿ ಉಕ್ಕಿ ಬಂದು, ಮುಖವನ್ನು ಒರೆಸಿಕೊಂಡು ಹೋದಂತೆ ಮರೆಯಾಗುತ್ತದೆ. ನಿಂತ ಕಾರಿಗೆ ಈ ಲಾರಿಯನ್ನು ತರುವ ಬಗೆ ಹೀಗೆ: ಹಲಗೆಯೊಂದರ ಮೇಲೆ ಎರಡು ದೀಪಗಳನ್ನು ಜೋಡಿಸಿ, ಹಲಗೆಯನ್ನು ಬಿದಿರಿನ ಗಳುವಿಗೆ ಕಟ್ಟಿ, ಕಾರಿನ ಮುಂದೆ ಬಲಗಡೆಗೆ ಒಬ್ಬನು ಹಿಡಿದು ನಿಲ್ಲುತ್ತಾನೆ. ಇನ್ನೊಬ್ಬನು ಮನಸ್ಸಿನಲ್ಲಿಯೇ ಏಳು ಎಣಿಸುತ್ತ ಡಿಮ್ಮರನ್ನು ತಿರುಗಿಸುತ್ತಾನೆ. ಏಳಕ್ಕೆ ಬಂದೊಡನೆ ಬಿದಿರು ಕಾರಿನ ಪಕ್ಕದಿಂದ ಹಿಂದಕ್ಕೆ ಬೀಸಿ ಹೋಗುತ್ತದೆ. ಎರಡು ಮೂರು ಸಲ ಬೀಸಿದ ಮೇಲೆ ಕೈಗೆ ಹದ ಸಿಕ್ಕುತ್ತದೆ.

ಬಲಗಡೆ ಎಂಬುದು ಗಮನಿಸಬೇಕಾದ ಮಾತು. ಈ ವಿದ್ಯೆಯನ್ನು ಕಲಿಸುವ ಅಮೆರಿಕದ ಪುಸ್ತಕಗಳು ಎದುರು ವಾಹನದ ಬೆಳಕನ್ನು ಎಡದಿಂದ ತರಬೇಕೆಂದು ಹೇಳುತ್ತವೆ. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ. ಚಾಲಕನು ಎಡಕ್ಕೆ ಕೂರುತ್ತಾನೆ. ನಮ್ಮಲ್ಲಿ ಎಲ್ಲವೂ ತಿರುಗುಮುರುಗು. ಪುಸ್ತಕವನ್ನು ನಂಬಿ ಎಡದಿಂದ ದೀಪ ಬೀಸಿದರೆ ಸಿಮೆಂಟಿನ ಲಾರಿ ತೊಗರಿಯ ಹೊಲದಲ್ಲಿ ಓಡಿದಂತಾಗುತ್ತದೆ.

ಊರು ಸಮೀಪಿಸಿದಾಗ ಬೀದಿದೀಪಗಳು ಬರಬೇಕು. ಕಂಬಕ್ಕೂ ಕಂಬಕ್ಕೂ 30 ಮೀಟರು, ಕಾರಿನ ವೇಗ 40 ಕಿಲೋಮೀಟರು ಎಂದಿಟ್ಟುಕೊಂಡರೆ 2.7 ಸೆಕೆಂಡಿಗೆ ಒಂದು ದೀಪ. ಕಂಬವು ದೂರದಲ್ಲಿರುವಾಗ ಅದರ ಬೆಳಕು ಮುಂದಿನ ಗಾಜಿನಿಂದ ಓರೆಯಾಗಿ ಬಂದು ಮುಖಕ್ಕೆ ತಾಗುತ್ತದೆ. ಕಾರು ಮುಂದೆ ಹೋದಂತೆ ಬೆಳಕು ಕಡಿದಾಗುತ್ತ, ಚಾವಣಿಯ ಅಂಚಿನ ನೆರಳು ಇಳಿಯುತ್ತ, ಮುಖದಿಂದ ಎದೆಗೆ, ಎದೆಯಿಂದ ಮಡಿಲಿಗೆ ಜಾರಿ ಬೆಳಕು ಮಾಯವಾಗುತ್ತದೆ. ಗಳುವಿನ ತುದಿಯ ದೀಪವನ್ನು ಕಾರಿನ ಮುಂದಿನಿಂದ ನೆತ್ತಿಯ ಮೇಲೆ ಹಿಂದಕ್ಕೆ ಒಯ್ದರೆ ಇದು ತಾನಾಗಿಯೇ ಆಗುತ್ತದೆ. ದಣಿದ ಹುಡುಗನು ಬರುವ ಗಳುವನ್ನು ಹಾಗೆಯೇ ಹಿಂದಿನಿಂದ ಮುಂದಕ್ಕೆ ತಂದನೋ, ಬೆಳಕು ಮಡಿಲಿನಿಂದ ಮುಖಕ್ಕೆ ಏರುತ್ತದೆ. ನೋಡಲು ನೆರೆದ ಊರವರಲ್ಲಿ ಯಾರಾದರೂ, “ಗಾಡಿ ಹಿಂದಕ್ಕ ಹೊಂಟಂಗ ಕಾಣ್ಲಕತ್ತದ್ರೀ ಸಾಹೇಬ್ರ” ಎಂದರೆ ಅವರ ಮಾತನ್ನು ನಂಬಿ ಮತ್ತೊಮ್ಮೆ ತೆಗೆಯುವುದೇ ಲೇಸು. ಆ ಕಣ್ಣುಗಳೇ ನಾಳೆ ಚಿತ್ರಮಂದಿರದಲ್ಲಿಯೂ ಇರುತ್ತವೆ.

ಹಿಂದಿನ ಗಾಜಿನಿಂದ ಬರುವ ಬೆಳಕು ಕೂದಲಿನ ಅಂಚನ್ನು ಬೆಳಗಿ, ತಲೆಯನ್ನು ಕತ್ತಲೆಯಿಂದ ಬಿಡಿಸುತ್ತದೆ. ನೋಟಕ್ಕೆ ಬಲು ಚೆಲುವು. ಆದರೆ ನಿರ್ಜನವಾದ ರಸ್ತೆಯಲ್ಲಿ ವಾಹನವೊಂದು ಎಡೆಬಿಡದೆ ಬೆನ್ನಿಗಿದ್ದರೆ ಪ್ರೇಕ್ಷಕನಿಗೆ ಅಣ್ಣತಂಗಿಯರ ದುಃಖ ಮರೆತು, ಹಿಂಬಾಲಿಸುತ್ತಿರುವವರು ಯಾರೆಂಬ ಚಿಂತೆ ಹತ್ತುತ್ತದೆ! ಪತ್ತೇದಾರಿ ಚಿತ್ರಕ್ಕೆ ಅದು ಸರಿ. ಇಲ್ಲಿ ಆ ವಾಹನ ಬಂದು, ದಾಟಿ ಹೋಗಬೇಕು.

ಕಾರಿನ ಅಲುಗಾಟಕ್ಕೆ ಉದ್ದನೆಯ ಮರದ ತೊಲೆಯೊಂದನ್ನು ಹಿಂದಿನ ಬಂಪರಿನ ಕೆಳಗೆ ಸನ್ನೆಗೋಲಿನಂತೆ ಇಟ್ಟು ಒಬ್ಬನು ಮೆಲ್ಲಗೆ ಒತ್ತುತ್ತಿರುತ್ತಾನೆ. ಉತ್ಸಾಹ ಹೆಚ್ಚಾದರೆ ಕಾರು ಎತ್ತಿನ ಬಂಡಿಯಾಗುತ್ತದೆ. ದೂರದ ಕಾರ್ಖಾನೆಯ ದೀಪಗಳೆಂದು ತೋರಿಸಲು, ಬೇಕೆನಿಸಿದರೆ, ಹಗ್ಗಕ್ಕೆ ಕಟ್ಟಿದ ಕಿರುದೀಪಗಳನ್ನು ಕಿಟಕಿಯಾಚೆ ಬಹು ನಿಧಾನವಾಗಿ ಹಿಂದಕ್ಕೆ ಸಾಗಿಸಬಹುದು. ದೂರದ ದೀಪ ನಿಧಾನವಾಗಿ, ಹತ್ತಿರದ್ದು ವೇಗವಾಗಿ ಸರಿಯಬೇಕೆಂಬುದನ್ನು ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತ ಮಕ್ಕಳೆಲ್ಲರೂ ಬಲ್ಲರು.

ಕಣ್ಣಿಗೆ ಕಾಣದ ಶತ್ರುಗಳು

ಎಲ್ಲವೂ ಸರಿಯಾಗಿ ನಡೆದು, ಮರುದಿನ ನೋಡುವಾಗ ಚಿತ್ರ ಮಿಡಿಯುತ್ತಿರುವುದು ಕಂಡರೆ ಅದಕ್ಕೆ ಕಾರಣ ವಿದ್ಯುತ್ತು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದು. ಅದರಿಂದ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಅದು ತಿಳಿಯದು. ಕ್ಯಾಮೆರಾ ಸೆಕೆಂಡಿಗೆ 24 ಚಿತ್ರ ತೆಗೆಯುವಾಗ ಒಂದೊಂದಕ್ಕೂ 50ರಲ್ಲಿ ಒಂದು ಸೆಕೆಂಡು ಕಣ್ಣು ತೆರೆದರೆ, ಅಂದರೆ ಷಟರಿನ ಕೋನವನ್ನು 180ರ ಬದಲು 172.8 ಡಿಗ್ರಿಗೆ ಇಟ್ಟರೆ, ಪ್ರತಿ ಚಿತ್ರಕ್ಕೂ ಸರಿಯಾಗಿ ಎರಡೆರಡು ಮಿನುಗು ಪಾಲಿಗೆ ಬಂದು ತೊಂದರೆ ತಪ್ಪುತ್ತದೆ. ಬ್ಯಾಟರಿಯಿಂದ ಉರಿಯುವ ಎಲ್‌ಇಡಿ ಪಟ್ಟಿಗಳಿಗೆ ಈ ಕಾಟವಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಅಗ್ಗದ ಡಿಮ್ಮರುಗಳು ದೀಪವನ್ನು ಹಾಕಿ ಆರಿಸಿ, ಹಾಕಿ ಆರಿಸಿಯೇ ಮಂದಗೊಳಿಸುತ್ತವೆ. ಆಗ ದೀಪವನ್ನು ಮುಟ್ಟದೆ ಬಟರ್ ಪೇಪರಿನ ಪದರಗಳನ್ನು ಹೆಚ್ಚಿಸುವುದೇ ಕ್ಷೇಮ.

ಎರಡನೆಯದು ಗಾಜು. ಸುಣ್ಣಕಲ್ಲಿನ ಸೀಮೆಯ ಧೂಳು ಗಾಜಿನ ಮೇಲೆ ಕುಳಿತಿದ್ದರೆ ಲಾರಿಯ ಬೆಳಕು ಬಿದ್ದೊಡನೆ ಇಡೀ ಗಾಜು ಹಾಲಿನ ಕೆನೆಯಂತೆ ಬೆಳ್ಳಗಾಗಿ, ಒಳಗಿನ ಮುಖಗಳನ್ನು ನುಂಗಿಬಿಡುತ್ತದೆ. ಒದ್ದೆ ಬಟ್ಟೆ ಹಿಡಿದವನೊಬ್ಬ ಸದಾ ಸಿದ್ಧನಿರಬೇಕು. ಗಾಜಿನಲ್ಲಿ ಕ್ಯಾಮೆರಾದ ಪ್ರತಿಬಿಂಬ ಕಂಡರೆ ಹಗಲಿನಲ್ಲಿ ಪೋಲರೈಸರ್ ಹಾಕುತ್ತಾರೆ; ಅದು ಬೆಳಕಿನ ಅರ್ಧಕ್ಕಿಂತ ಹೆಚ್ಚು ಪಾಲನ್ನು ನುಂಗುವುದರಿಂದ ಇರುಳಿಗೆ ಒದಗದು. ಕಪ್ಪು ಕಂಬಳಿ ಹೊದೆದು ಅದರ ತೂತಿನಿಂದ ಕ್ಯಾಮೆರಾದ ಕಣ್ಣನ್ನು ಮಾತ್ರ ಹೊರಗಿಡುವುದು ನಮ್ಮವರು ಕಂಡುಕೊಂಡ ದಾರಿ. ಪಕ್ಕದ ನೋಟವಾದರೆ ಗಾಜನ್ನೇ ಇಳಿಸಿದರಾಯಿತು. ಮೇಜಿನ ಬೀಸಣಿಗೆಯೊಂದು ತಂಗಿಯ ಮುಂಗುರುಳನ್ನು ಹಾರಿಸುತ್ತಿದ್ದರೆ ಓಟದ ಭ್ರಮೆಯೂ ಬಲಿಯುತ್ತದೆ.

ಮೂರನೆಯದು ಬ್ಯಾಟರಿ. ಸಣ್ಣ ಕಾರಿನ 12 ವೋಲ್ಟಿನ ಬ್ಯಾಟರಿಗೆ ಒಂದು ಎಲ್‌ಇಡಿ ಪಟ್ಟಿ ಹೊರೆಯೇ ಅಲ್ಲ. ಆದರೆ ರಸ್ತೆಯ ಮೇಲೆ ಬೆಳಕು ಬಿದ್ದಂತೆ ತೋರಲಿ ಎಂದು ಮುಂದಿನ ದೊಡ್ಡ ದೀಪಗಳನ್ನು ಹಚ್ಚಿಟ್ಟು ಎಂಜಿನನ್ನು ನಿಲ್ಲಿಸಿದರೆ, ಎರಡು ಮೂರು ಗಂಟೆಯಲ್ಲಿ ಅದು ಬಸವಳಿಯುತ್ತದೆ. ಬೆಳಗಿನ ಜಾವ ಮೂರಕ್ಕೆ ಕುರಕುಂಟಾದ ಬಯಲಿನಲ್ಲಿ ಕಾರನ್ನು ತಳ್ಳಿ ಚಾಲೂ ಮಾಡುವ ಪ್ರಸಂಗ ಯಾವ ನಿರ್ಮಾಪಕನ ಲೆಕ್ಕದಲ್ಲಿಯೂ ಇರುವುದಿಲ್ಲ. ಬೇರೊಂದು ಬ್ಯಾಟರಿ ತಂದಿರಬೇಕು.

ಎಂಜಿನನ್ನು ನಿಲ್ಲಿಸುವುದು ಮಾತಿನ ಸಲುವಾಗಿ. ಗುಡುಗುಡು ಸದ್ದಿಲ್ಲದ ಕಾರಿನಲ್ಲಿ ತಂಗಿಯ ನಿಟ್ಟುಸಿರೂ ಧ್ವನಿಗ್ರಾಹಕಕ್ಕೆ ದಕ್ಕುತ್ತದೆ. ಅಡ್ಡಿಯೆಂದರೆ ರೈಲು. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಮಾರ್ಗ ಈ ಊರನ್ನು ಹಾದು ಹೋಗುತ್ತದೆ; ಗೂಡ್ಸು ಗಾಡಿಯೊಂದು ಬಂತೆಂದರೆ ಅದರ ಕೊನೆಯ ಡಬ್ಬಿ ದಾಟುವವರೆಗೆ ಬಿದಿರು ಹಿಡಿದವರು ಬಿದಿರನ್ನೂರಿ, ನಟಿಯು ಕಣ್ಣಿನ ನೀರನ್ನು ತಡೆದುಕೊಂಡು, ಎಲ್ಲರೂ ಕಾಯಬೇಕು. ಸದ್ದಡಗಿದ ಮೇಲೆ ಮತ್ತೆ ಏಳರ ಎಣಿಕೆ ಮೊದಲಿನಿಂದ.

ಕಾರಿನ ಸದ್ದನ್ನು ಆಮೇಲೆ ಪ್ರತ್ಯೇಕವಾಗಿ ಸೇರಿಸಬೇಕಲ್ಲವೆ? ಅದಕ್ಕಾಗಿ ಮರುದಿನ ಬೆಳಿಗ್ಗೆ, ನಟರು ಮಲಗಿರುವಾಗ, ಧ್ವನಿಗ್ರಾಹಕವನ್ನು ಹಿಡಿದ ಒಬ್ಬನೇ ಹಿಂದಿನ ಆಸನದಲ್ಲಿ ಕೂರುತ್ತಾನೆ. ಬಾಡಿಗೆಯ ಚಾಲಕನು ಕಾರನ್ನು ಸೇಡಂ ರಸ್ತೆಗೆ ತಿರುಗಿಸುತ್ತಾನೆ. ಗೇರು ಬದಲಾಯಿಸುವ ಸದ್ದು, ಚಕ್ರದಡಿಯ ಜಲ್ಲಿಯ ಸದ್ದು, ಎದುರು ಲಾರಿ ದಾಟುವಾಗ ಬೀಸುವ ಗಾಳಿಯ ಸದ್ದು ಎಲ್ಲವನ್ನೂ ಹಿಡಿದುಕೊಳ್ಳುತ್ತ ಹತ್ತಾರು ನಿಮಿಷ ಸಾಗುತ್ತಾರೆ. ಆ ಇಡೀ ದೃಶ್ಯಕ್ಕಾಗಿ ಕಾರು ನಿಜವಾಗಿ ಓಡುವುದು ಆಗಲೇ.